ಡೂಪ್ಲಿಕೇಟ್ ಸೀಲು

ರಟ್ಟಿನ ಮೇಲೆ ಮತ್ತೆ ಎಣ್ಣೆ ಬಿದ್ದಿತ್ತು. ಅಂಗೈ ಅಗಲದ ಕಲೆ, ಜೀಪಿನ ಮುಂದಿನ ಎಡ ಚಕ್ರದ ಒಳಮಗ್ಗುಲಿಗೆ ನೇರ ಕೆಳಗೆ. ವಿಶ್ವಾರಾಧ್ಯ ಪಂಚೆಯನ್ನು ಮಡಿಚಿ ಕಟ್ಟಿ, ಮೊಣಕಾಲೂರಿ, ಬೆರಳಿನಿಂದ ಮುಟ್ಟಿ ಮೂಸಿದ. ಗಂಧಕದ ನಾತ, ಗೇರ್ ಎಣ್ಣೆಯೇ. ಬೇರೆ ಏನಾದರೂ ಆಗಿರಬಾರದೇ, ಬೀದಿನಾಯಿಯ ಕೆಲಸವಾದರೂ ಆಗಿರಬಾರದೇ ಎಂದು ಒಂದು ಕ್ಷಣ ಆಸೆಪಟ್ಟಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ರೇಗಿತು. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಅಲೆದು, ಡಬ್ಬಿಯ ಮೇಲಿನ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದಿ ತಂದ, ಆಕ್ಸಲ್ಲಿನ ಎಣ್ಣೆ ಹೊರಗೆ ಬಾರದಂತೆ ತಡೆಯುವ ಒರಿಜಿನಲ್ ಸೀಲು ಅದು. ಹನ್ನೆರಡು ದಿನದ ಹಿಂದೆ, ಚಾಮರಾಜಪೇಟೆಯ ಈ ಅಡ್ಡರಸ್ತೆಯ ಜನವೆಲ್ಲ ನೋಡುತ್ತಿದ್ದಂತೆ, ಅರವತ್ತೆರಡನೇ ವಯಸ್ಸಿನಲ್ಲಿ ಅವನು ಚಕ್ರ ಬಿಚ್ಚಿ, ಡ್ರಮ್ಮು ಬಿಚ್ಚಿ, ಫೋನಿನಲ್ಲಿ ಯಾರೋ ಮಾಡಿ ತೋರಿಸಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಎರಡು ದಿನ ಒದ್ದಾಡಿ, ಕೈಯಾರೆ ಕೂರಿಸಿದ್ದ. ಅದೂ ಸೋರುತ್ತಿತ್ತು. ಹಾಗಾದರೆ ದೊಡ್ಡಬೈರಪ್ಪ ಹಾಕಿದ್ದು, ಎಂದು ಶುರುವಾದ ಯೋಚನೆಯನ್ನು ಅವನು ಅಲ್ಲಿಗೇ ತುಂಡುಮಾಡಿ, ಇವತ್ತು ಇದರ ಬೇರು ನೋಡದೆ ಏಳುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಎದುರು ಮನೆಯ ಗೋದಾ ತಮ್ಮ ಗೇಟಿನ ಮುಂದೆ ಬಾಗಿ, ಜೀಪು ತಿರುಗಿಸುವಾಗ ಸೋರಿದ ಎಣ್ಣೆಯ ಹನಿಗಳ ಮೇಲೆ ಒಂದು ಮೊರ ಮರಳು ಸುರಿಯುತ್ತಿದ್ದರು. ಎರಡು ವರ್ಷದಿಂದ ಸುರಿಯುತ್ತಿದ್ದಾರೆ, ಒಂದು ಮಾತಿಲ್ಲ. ಒಂದು ದಿನವಾದರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ಬಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ನಿಂತಿಲ್ವಾ?" ಹೆಂಡತಿ ರುದ್ರಾಣಿ ಕಾಫಿ ಲೋಟವನ್ನು ಬಾನೆಟ್ಟಿನ ಮೇಲಿಟ್ಟಳು.

"ನಿಲ್ಲುತ್ತೆ."

"ಬೈರಪ್ಪನ್ನ ಒಂದ್ಸಲ ಕರೀಬಾರ್ದಾ?"

"ಅವನ ಹೆಸರು ಎತ್ತಬೇಡ ಅಂದಿದೀನಿ."

"ಹೆಸರು ಎತ್ತಿದ್ರೆ ಎಣ್ಣೆ ಜಾಸ್ತಿ ಸೋರುತ್ತೇನ್ರೀ?" ಎಂದು ಅವಳು ಒಳಗೆ ಹೋದಳು.

ದೊಡ್ಡಬೈರಪ್ಪ ಶ್ರೀರಾಂಪುರದ ಮೆಕ್ಯಾನಿಕ್. ಈ ಜೀಪನ್ನು ಸರ್ಕಾರಿ ಹರಾಜಿನಲ್ಲಿ ತಂದ ದಿನದಿಂದ ಅದರ ಹೊಟ್ಟೆಯೊಳಗಿನ ಗುಟ್ಟೆಲ್ಲ ಅವನಿಗೇ ಗೊತ್ತಿದ್ದದ್ದು. ಮುಂದಿನ ಆಕ್ಸಲ್ಲು ಸೋರಲು ಶುರುವಾದ ಮೇಲೆ ಒಂದೇ ವರ್ಷದಲ್ಲಿ ಮೂರು ಸಲ ಸೀಲು ಬದಲಾಯಿಸಿದ. ಮೂರು ಸಲವೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಲೆ. ಕಳೆದ ಆಷಾಢದಲ್ಲಿ ವಿಶ್ವಾರಾಧ್ಯ ಅವನ ಶೆಡ್ಡಿನ ಮುಂದೆ, ನಡುರಸ್ತೆಯಲ್ಲಿ ನಿಂತು, ಮೂವತ್ತೊಂದು ವರ್ಷ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿದ ಗಂಟಲನ್ನೆಲ್ಲ ಉಪಯೋಗಿಸಿ, "ಡೂಪ್ಲಿಕೇಟ್ ಮಾಲು ಹಾಕಿ ಯಾರ ಕಣ್ಣಿಗೆ ಮಣ್ಣೆರಚ್ತೀಯ?" ಎಂದು ಕೂಗಾಡಿದ್ದ. ಬೈರಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತ ನಿಂತಿದ್ದ, ಅಷ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಸಿಟ್ಟಿನ ಭರದಲ್ಲಿ ಆಡಿದ ಮಾತು ಎನ್ನಬಹುದಿತ್ತು. ಮನೆಗೆ ಬಂದು, ಊಟ ಮಾಡಿ, ಒಂದು ನಿದ್ದೆಯನ್ನೂ ತೆಗೆದು, ಆಮೇಲೆ ತಣ್ಣಗೆ ಕೂತು ಹಳೇ ಜೀಪು ಬಳಗದ ನಲವತ್ತೊಂದು ಜನರಿಗೆ ವಾಟ್ಸಾಪಿನಲ್ಲಿ ಬರೆದ: ‘ಶ್ರೀರಾಂಪುರದ ದೊಡ್ಡಬೈರಪ್ಪ ಡೂಪ್ಲಿಕೇಟ್ ಸೀಲು ಹಾಕಿ ಒರಿಜಿನಲ್ ಎನ್ನುತ್ತಾನೆ. ಸ್ವಂತ ಅನುಭವ. ಎಲ್ಲರೂ ಎಚ್ಚರದಿಂದಿರಿ.’ ಕಳಿಸುವ ಮುಂಚೆ ಕಾಗುಣಿತವನ್ನೂ ನೋಡಿದ್ದ. ಬಳಗದಲ್ಲಿ ಅವನೇ ಹಿರಿಯ, ಅದರಲ್ಲೂ ಮೇಷ್ಟ್ರು; ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಭಾನುವಾರ ಭಾನುವಾರ ರಾಮನಗರದ ಬಂಡೆಗಳಿಗೆ ಹತ್ತಿಸಿ ಮುರಿದುಕೊಂಡು ಬರುತ್ತಿದ್ದ ಜೀಪುಗಳೆಲ್ಲ ಬೇರೆ ಗ್ಯಾರೇಜು ಹುಡುಕಿಕೊಂಡವು. ಅವನೂ ಒಂದು ಕಡೆ ಹೋಗಿ ಹೊಸ ಸೀಲು ಹಾಕಿಸಿದ. ಅದೂ ಸೋರಿತು. ಆ ಸುದ್ದಿಯನ್ನು ಮಾತ್ರ ಬಳಗಕ್ಕೆ ಹೇಳಲಿಲ್ಲ.

ಬಿಸಿಯಾದಾಗ ಹೇಗೆ ಸೋರುತ್ತದೋ ನೋಡಿಯೇ ಬಿಡೋಣ ಎಂದು, ಪಂಚೆ ಬಿಟ್ಟು ಹಳೇ ಪ್ಯಾಂಟು ಹಾಕಿಕೊಂಡು, ಜೀಪನ್ನು ಬಸವನಗುಡಿಯ ಏರಿಗೆ ಹತ್ತಿಸಿ, ಗಾಂಧಿ ಬಜಾರಿನ ಗಿಜಿಗಿಜಿಯಲ್ಲಿ ಒಂದು ಸುತ್ತು ಹಾಕಿ, ಮತ್ತೊಂದು ಸಲ ಏರು ಹತ್ತಿಸಿ ತಂದು ನಿಲ್ಲಿಸಿದ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ರಟ್ಟು ಹಾಸಿ, ಅಂಗಾತ ಮಲಗಿ, ಹೆಗಲಿನಿಂದ ತೆವಳುತ್ತ ಒಳಗೆ ಸರಿದ. ಕೆಳಗಿನಿಂದ ನೋಡಿದರೆ ಪ್ರಪಂಚ ಬರೀ ಕಾಲುಗಳು. ಎಳನೀರಿನವನ ಹವಾಯಿ ಚಪ್ಪಲಿ, ಟ್ಯೂಷನ್ನಿಗೆ ಹೋಗುವ ಹುಡುಗಿಯರ ಬಿಳಿ ಶೂಗಳು. ಒಂದು ಜೊತೆ ಬೂಟು ನಿಂತಿತು, ಬಗ್ಗಿ ನೋಡುವುದೋ ಬೇಡವೋ ಎಂದು ಯೋಚಿಸಿತು, ಹೋಯಿತು. ಯಾರೋ ಹಳೆಯ ಶಿಷ್ಯ ಇರಬೇಕು. ಮೇಷ್ಟ್ರು ಮೋರಿಯ ಪಕ್ಕ ಅಂಗಾತ ಬಿದ್ದಿದ್ದನ್ನು ನೋಡಿ ಅವನಿಗೇ ನಾಚಿಕೆಯಾಗಿರಬೇಕು. ಎಷ್ಟು ಎಣ್ಣೆ ಉಳಿದಿದೆ ನೋಡೋಣ ಎಂದು ವಿಶ್ವಾರಾಧ್ಯ ಆಕ್ಸಲ್ಲಿನ ನಡುವಿನ ಗೇರುಗಳ ಉಬ್ಬಿನಲ್ಲಿರುವ, ಎಣ್ಣೆ ತುಂಬುವ ಬಿರಡೆಗೆ ಸ್ಪ್ಯಾನರು ಕೊಟ್ಟು ತಿರುವಿದ. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ಸುಸ್ಸ್ ಎಂದು ಗಾಳಿ ನುಗ್ಗಿತು, ಅದರ ಹಿಂದೆಯೇ ಎಣ್ಣೆ ಪಿಚಕ್ಕನೆ ಹಾರಿ ಕನ್ನಡಕ, ಮೂಗು, ಬಾಯಿಯ ಮೇಲೆ ಬಿತ್ತು.

ಅವನು ಒರೆಸಿಕೊಳ್ಳಲಿಲ್ಲ. ಆ ಸುಸ್ಸ್ ಸದ್ದು ಅವನಿಗೆ ಹೊಸದಲ್ಲ. ಪ್ರತಿ ಜುಲೈ ತಿಂಗಳಲ್ಲಿ ರುದ್ರಾಣಿಯ ಕುಕ್ಕರನ್ನು ಅವಳು ಬೇಡವೆಂದರೂ ಕಂಕುಳಲ್ಲಿ ಇರುಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದ. ಸಾರಿನ ವಾಸನೆ ಹೋಗಿರದ ಆ ಕುಕ್ಕರನ್ನು ಮೇಜಿನ ಮೇಲಿಟ್ಟು, ಬಿಸಿಯಾದ ಗಾಳಿ ಏನು ಮಾಡುತ್ತೆ, ಹಿಗ್ಗುತ್ತೆ ಸಾರ್, ಹಿಗ್ಗೋಕೆ ಜಾಗ ಇಲ್ಲದಿದ್ದರೆ, ಒತ್ತುತ್ತೆ ಸಾರ್, ಸಿಳ್ಳೆಯ ತೂತನ್ನೇ ಮುಚ್ಚಿಬಿಟ್ಟರೆ, ಕಡೆಯ ಬೆಂಚಿನ ದಡ್ಡನೂ ಕೂಗುತ್ತಿದ್ದ, ಎಲ್ಲಿ ಸಂದು ಸಿಗುತ್ತೋ ಅಲ್ಲಿಂದ ನುಗ್ಗುತ್ತೆ ಸಾರ್. ಆಕ್ಸಲ್ಲಿಗೂ ಒಂದು ಸಿಳ್ಳೆ ಇರಲೇಬೇಕಲ್ಲ. ಗೇರು ತಿರುಗಿ ಒಳಗೆ ಬಿಸಿಯಾದರೆ ಗಾಳಿ ಎಲ್ಲಿಗೆ ಹೋಗಬೇಕು? ಸಂದು ಸಿಕ್ಕ ಕಡೆಗೆ, ಅಂದರೆ ಸೀಲಿನ ಕಡೆಗೆ. ಎಂಥ ಒರಿಜಿನಲ್ ಸೀಲು ತಂದರೇನು, ಬಂಗಾರದ ಸೀಲು ತಂದರೇನು? ಕಡೆಯ ಬೆಂಚಿನ ದಡ್ಡನಿಗೆ ಗೊತ್ತಿದ್ದದ್ದು ತನಗೆ ಎರಡು ವರ್ಷ ಹೊಳೆಯಲಿಲ್ಲ. ಎಣ್ಣೆ ಅವನ ತುಟಿಯ ಮೇಲೆ ಕಹಿಯಾಗಿ ಇಳಿಯುತ್ತಿತ್ತು. ಮುಖ ಒರೆಸಿಕೊಂಡು, ಬಿರಡೆ ಬಿಗಿದು, ಆ ಸಿಳ್ಳೆಗಾಗಿ ಕೈಯಾಡಿಸತೊಡಗಿದ.

ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಬೆರಳಿಗೆ ಅದು ಸಿಕ್ಕಿತು. ನೆಲ್ಲಿಕಾಯಿಯಷ್ಟು ದಪ್ಪದ ಒಂದು ಗುಬುಟು. ಮೆಕ್ಯಾನಿಕ್‌ಗಳು ಬ್ರೀದರ್ ಅನ್ನುತ್ತಾರೆ. ಅದರ ಟೋಪಿಯ ಕೆಳಗೆ ಸಣ್ಣ ತೂತಿದ್ದು, ಆಕ್ಸಲ್ಲು ಅಲ್ಲಿಂದ ಉಸಿರಾಡಬೇಕು. ಆದರೆ ಅವನ ಬೆರಳಿಗೆ ಟೋಪಿ ಸಿಗಲಿಲ್ಲ, ಕಬ್ಬಿಣವೂ ಸಿಗಲಿಲ್ಲ. ಗಾರೆಯಂಥ ಗಟ್ಟಿ ಮುದ್ದೆ. ಟಾರ್ಚು ಹಾಕಿ, ಕತ್ತು ಉಳುಕುವಷ್ಟು ತಿರುಗಿಸಿ ನೋಡಿದ. ಮೇಲೆ ಕಪ್ಪು ಮಣ್ಣು. ಉಗುರಿನಿಂದ ಕೆರೆದರೆ ಒಳಗೆ ಬೂದು ಬಿಳುಪು, ಪದರ ಪದರ. ಅವನಿಗೆ ಗುರುತು ಸಿಕ್ಕಿತು. ವಿಭೂತಿ. ತಾನೇ ಹಚ್ಚಿದ್ದು.

ಮಾಮೂಲ್‌ಪೇಟೆಯಲ್ಲಿ ಅವನ ತಂದೆಯ ಬೀಗದ ಅಂಗಡಿ ಇತ್ತು. ಆಯುಧಪೂಜೆಯ ಬೆಳಿಗ್ಗೆ ತಂದೆ ಬೆಳ್ಳಿ ಬಟ್ಟಲಲ್ಲಿ ವಿಭೂತಿ ಕಲಸಿ ಕೊಟ್ಟು, "ಕಾಣೋ ಕಡೆ ಎಲ್ರೂ ಹಚ್ತಾರೆ, ಕಾಣದ ಕಡೆ ಮೊದಲು ಹಚ್ಚು" ಎನ್ನುತ್ತಿದ್ದರು. ಗಲ್ಲಾದ ಅಡಿ, ತಕ್ಕಡಿಯ ತಟ್ಟೆಯ ಬೆನ್ನು, ಬಾಗಿಲ ಕೀಲಿನ ಸಂದಿ. ಸಣ್ಣ ಕೈ ಅವನದೇ, ತೂರುವುದು ಅವನೇ. ಅಂಗಡಿ ಹೋದರೂ ಪದ್ಧತಿ ಹೋಗಲಿಲ್ಲ. ಜೀಪು ಬಂದ ಮೊದಲ ವರ್ಷ, ತೊಳೆದು ಒರೆಸಿ, ಬಾನೆಟ್ಟು ಸ್ಟೀರಿಂಗು ಚಕ್ರ ಎಲ್ಲ ಮುಟ್ಟುವ ಮೊದಲು ಕೆಳಗೆ ತೂರಿದ್ದ. ಕೊಳವೆಯ ಮೇಲೆ ಈ ಗುಬುಟು ಕಂಡಿತ್ತು. ಪುಟ್ಟ ಲಿಂಗದ ಹಾಗೇ ಇದೆಯಲ್ಲ ಎಂದು ಅವನಿಗೆ ನಿಜಕ್ಕೂ ಕಣ್ಣು ತುಂಬಿತ್ತು. ಮೂರು ಬೆರಳಲ್ಲಿ ಪಟ್ಟೆ ಎಳೆದು, ಸಾಲದೆ ಒಂದು ಮುದ್ದೆಯನ್ನೇ ಒತ್ತಿ ಕೂರಿಸಿದ್ದ. ಮರುವರ್ಷ ಅದರ ಮೇಲೆ ಇನ್ನೊಂದು. ಅದರ ಮರುವರ್ಷ ಇನ್ನೊಂದು. ನಾಲ್ಕು ವರ್ಷದ ಭಕ್ತಿ, ಎಣ್ಣೆ ಧೂಳು ಕುಡಿದು ಸಿಮೆಂಟಾಗಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅವನು ಹುಡುಕಿದ್ದಷ್ಟೇ ಅಲ್ಲ, ಕೂಸು ಕದ್ದ ಅಂತ ಇನ್ನೊಬ್ಬನನ್ನು ಬೀದಿಗೂ ಎಳೆದಿದ್ದ.

ಜೇಬಿನಲ್ಲಿ ಫೋನು ಟಿಣ್ ಎಂದಿತು. ಬಳಗದ ಕೆಲಸವೆಲ್ಲ ನೋಡಿಕೊಳ್ಳುವ ಸುಮನ್; ಒರಿಜಿನಲ್ ಸೀಲು ತಂದದ್ದನ್ನು ವಿಶ್ವಾರಾಧ್ಯ ಅವನಿಗೆ ಹೇಳಿದ್ದ. ‘ಸಾರ್, ಒರಿಜಿನಲ್ ಸೀಲು ಹಾಕಿದ ಮೇಲೆ ನಿಂತಿರಬೇಕಲ್ಲ? ಒಂದು ವಿಡಿಯೋ ಮಾಡಿ ಹಾಕಿ ಸಾರ್, ಎಲ್ರಿಗೂ ಉಪಯೋಗ.’ ಮಲಗಿದಲ್ಲೇ ಓದಿದ. ಎಷ್ಟು ಸಲೀಸು. ಸ್ಕ್ರೂಡ್ರೈವರಿನಿಂದ ಎರಡು ನಿಮಿಷ ಕೆರೆದರೆ ಎಣ್ಣೆ ನಿಲ್ಲುತ್ತದೆ. ನಿಂತ ಎಣ್ಣೆಗೆ ಒರಿಜಿನಲ್ ಸೀಲೇ ಕಾರಣವಾಗುತ್ತದೆ. ಬೈರಪ್ಪನದು ಡೂಪ್ಲಿಕೇಟೇ ಎಂದು ಎರಡನೆಯ ಸಲ ಸಾಬೀತಾಗುತ್ತದೆ. ವಿಭೂತಿಯನ್ನು ಸ್ಕ್ರೂಡ್ರೈವರಿನಿಂದ ಕೆರೆಯಲು ಕೈ ಏಳಲಿಲ್ಲ ಅನ್ನುವುದೂ ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ ಇತ್ತು, ಅದನ್ನು ಅವನು ಅಲ್ಲಿ ಎಣ್ಣೆಯ ಮಧ್ಯೆ ಮಲಗಿ ತನಗೆ ತಾನೇ ಒಪ್ಪಿಕೊಂಡ: ಇದನ್ನು ಇಲ್ಲಿ ಒರೆಸಿಬಿಟ್ಟರೆ ನಾನು ಬಾಯಿ ಬಿಡುವುದಿಲ್ಲ. ಇವತ್ತಲ್ಲ ನಾಳೆ ಹೇಳುತ್ತೇನೆ ಎನ್ನುತ್ತೇನೆ. ನಾಳೆ ಬರುವುದಿಲ್ಲ. ಬೇರೆಯವರಿಗೆ ಗೊತ್ತಿಲ್ಲದಿದ್ದರೂ ತನ್ನ ಬಗ್ಗೆ ಅವನಿಗೆ ಅಷ್ಟು ಗೊತ್ತಿತ್ತು. ಸ್ಕ್ರೂಡ್ರೈವರನ್ನು ಕೆಳಗಿಟ್ಟು ತೆವಳಿಕೊಂಡು ಹೊರಗೆ ಬಂದ.

"ಶ್ರೀರಾಂಪುರಕ್ಕೆ ಹೋಗ್ಬರ್ತೀನಿ," ಎಂದ, ನಡುಮನೆಯ ಬಾಗಿಲಲ್ಲಿ ನಿಂತು.

ರುದ್ರಾಣಿ ಅವನ ಮುಖದ ಎಣ್ಣೆ ನೋಡಿದಳು. ಟವೆಲು ತಂದು ಕೊಟ್ಟಳು. "ಮುಖ ತೊಳ್ಕೊಂಡಾದ್ರೂ ಹೋಗಿ."

ತೊಳೆದುಕೊಳ್ಳಲು ನಿಂತರೆ ಮನಸ್ಸು ಹಿಂದೆ ಬೀಳುತ್ತದೆ ಎಂದು ಹೆದರಿ ಒರೆಸಿಕೊಂಡೇ ಹೊರಟ. ಬಿನ್ನಿ ಮಿಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಜೀಪು ಅಂಗುಲ ಅಂಗುಲ ಸರಿಯುತ್ತಿರುವಾಗ ಅವನು ವಾಕ್ಯ ಕಟ್ಟುತ್ತಿದ್ದ. ಕ್ಷಮೆ ಕೇಳುವುದು ಸರಿ. ಆದರೆ ಅದಕ್ಕೂ ಒಂದು ರೀತಿ ಇದೆಯಲ್ಲ. ಮೇಷ್ಟರಾಗಿದ್ದಾಗ ಒಂದು ಸಲ ಉತ್ತರಪತ್ರಿಕೆಯಲ್ಲಿ ಅಂಕ ಕೂಡಿಸುವುದು ತಪ್ಪಿ ಒಬ್ಬ ಹುಡುಗ ಫೇಲಾಗಿದ್ದ. ಆಗಲೂ ‘ಮರುಎಣಿಕೆಯಿಂದ ಕಂಡುಬಂದಂತೆ’ ಎಂದು ಬರೆದು ಕೊಟ್ಟಿದ್ದ. ಹುಡುಗನ ತಾಯಿ ಆ ಕಾಗದ ಹಿಡಿದು, ಯಾರ್ ಸ್ವಾಮಿ ಕೂಡಿಸಿದ್ದು, ಎಂದು ಕೇಳಿದಾಗ ಗುಮಾಸ್ತನ ಕಡೆ ನೋಡಿದ್ದ. ಓಕಳೀಪುರಂ ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನು ಬಾರಿಸಿ, "ಏನ್ ಗುರು, ನಿದ್ದೇನಾ?" ಎಂದು ಕೂಗಿದ. ಶ್ರೀರಾಂಪುರದ ಬೀದಿಗೆ ತಿರುಗಿ, ಶೆಡ್ಡಿಗೆ ಹತ್ತು ಮಾರು ಈಚೆ ಜೀಪು ನಿಲ್ಲಿಸಿ, ಫೋನು ತೆಗೆದು ಬರೆದ. ಎರಡು ಸಲ ತಿದ್ದಿದ. ಕಳಿಸಲಿಲ್ಲ. ಮೊದಲು ಅವನಿಗೆ ತೋರಿಸಬೇಕು, ಅದು ಮರ್ಯಾದೆ, ಎಂದುಕೊಂಡ.

ಜೀಪುಗಳು ನಿಲ್ಲುತ್ತಿದ್ದ ಜಾಗದಲ್ಲಿ ಆಟೋಗಳಿದ್ದವು. ಬೈರಪ್ಪ ಒಂದು ಆಟೋದ ಹಿಂದಿನ ಚಕ್ರ ಬಿಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಇಬ್ಬರು ಆಟೋದವರು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ಬೈರಪ್ಪನಿಗೂ ತನ್ನದೇ ವಯಸ್ಸು, ಒಂದೆರಡು ವರ್ಷ ಹೆಚ್ಚೇ ಇರಬಹುದು ಎಂಬುದು ವಿಶ್ವಾರಾಧ್ಯನಿಗೆ ಈಗ ಕಂಡಿತು.

"ಏನ್ ಸಾರ್, ದಾರಿ ತಪ್ಪಿ ಬಂದ್ರಾ?" ಬೈರಪ್ಪ ಎದ್ದೇಳಲಿಲ್ಲ.

"ಇಲ್ಲ, ನಿನ್ ಹತ್ರಾನೇ ಬಂದೆ." ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಚೆದುರಿಹೋದವು. "ಸೀಲು ಸರಿಯಾಗೇ ಇತ್ತು ಬೈರಪ್ಪ. ಬ್ರೀದರ್ ಕಟ್ಕೊಂಡಿತ್ತು. ನಾನೇ ಕಟ್ಟಿದ್ದು. ಪ್ರತಿ ವರ್ಷ ಪೂಜೇಲಿ ವಿಭೂತಿ ಮೆತ್ತಿ ಮೆತ್ತಿ. ಇವತ್ತು ಗೊತ್ತಾಯ್ತು."

ಬೈರಪ್ಪ ಆಶ್ಚರ್ಯಪಡುತ್ತಾನೆ, ಸಿಟ್ಟಾಗುತ್ತಾನೆ, ನಗುತ್ತಾನೆ, ಈ ಮೂರಕ್ಕೂ ಅವನು ಸಿದ್ಧನಾಗಿದ್ದ. ಬೈರಪ್ಪ ಚಕ್ರದ ನಟ್ಟುಗಳನ್ನು ಒಂದು ತಟ್ಟೆಗೆ ಹಾಕಿದ.

"ನಂಗೆ ಗೊತ್ತಿತ್ತು ಸಾರ್."

"ಗೊತ್ತಿತ್ತಾ?"

"ಮೊದಲ್ನೇ ಸಲ ಸೀಲ್ ಹಾಕ್ದಾಗ್ಲೇ. ಹಬ್ಬ ಆಗಿ ನಾಕ್ ದಿನ. ಬ್ರೀದರ್ ಮೇಲೆ ಇಷ್ಟ್ ದಪ್ಪ ಕೂತಿತ್ತು. ಚಿಂದಿ ತಗೊಂಡು ಒರ್ಸಕ್ಕೋದೆ. ನೀವು ಇಲ್ಲೇ ಬಗ್ಗಿ ನೋಡ್ತಾ ಇದ್ರಿ. ‘ಏಯ್, ಪೂಜೆ ಮಾಡಿರೋದು, ಅದನ್ನ ನೀನು ಮುಟ್ಬೇಡ’ ಅಂದ್ರಿ."

"ನಾನಾ?"

"ಕೈ ಹಿಡ್ಕೊಂಡು ತಡೀಲಿಲ್ಲ ಸಾರ್. ಛತ್ರಿ ಅಡ್ಡ ಇಟ್ರಿ. ನನ್ ಕೈಗೂ ಅದಕ್ಕೂ ಮಧ್ಯ."

ವಿಶ್ವಾರಾಧ್ಯ ನೆನಪಿಸಿಕೊಳ್ಳಲು ನೋಡಿದ. ಅಂಥದ್ದೇನೂ ಸಿಗಲಿಲ್ಲ. ಆ ದಿನ ಮೋಡವಿತ್ತೇನೋ, ಛತ್ರಿ ತಂದಿದ್ದನೇನೋ. ಆದರೆ ಆ ಮಾತು, ಆ ಅಡ್ಡ ಇಟ್ಟದ್ದು, ಎಲ್ಲಿ ಕೆದಕಿದರೂ ಇಲ್ಲ. ಇಲ್ಲ ಎಂದು ವಾದಿಸಬಹುದಿತ್ತು. ಆದರೆ ನೆನಪಿಲ್ಲದಷ್ಟು ಸಲೀಸಾಗಿ ಬಂದ ಮಾತು ತನ್ನದೇ ಎಂದು ಅವನಿಗೆ ತಿಳಿಯಿತು. ಮಾಮೂಲ್‌ಪೇಟೆಯ ಅಂಗಡಿಯ ಮುಂದೆ ಹಮಾಲರು ಬೊಗಸೆಯೊಡ್ಡಿ ನಿಂತಿರುತ್ತಿದ್ದರು, ತಂದೆ ಚೊಂಬನ್ನು ಮೇಲೆತ್ತಿ ನೀರು ಸುರಿಯುತ್ತಿದ್ದರು, ಆ ಚೊಂಬು ಯಾವತ್ತೂ ಯಾರ ಕೈಗೂ ತಗುಲುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಹುಡುಗ ಅದನ್ನು ನೋಡಿ ನೋಡಿ ಕಲಿತಿದ್ದ. ದಿನವೂ ಬೆಳಿಗ್ಗೆ ವಚನ ಓದಿ ಎಲ್ಲರೂ ಒಂದೇ ಎಂದು ತಲೆದೂಗುವ ತಾನು, ಛತ್ರಿ ಅಡ್ಡ ಇಟ್ಟು, ಕಾಫಿ ಕುಡಿದು, ಮರೆತಿದ್ದ. ಸುಳ್ಳು ಆಪಾದನೆಯ ತಪ್ಪನ್ನು ಒಪ್ಪಿಕೊಳ್ಳಲು ಬಂದವನ ಕೈಗೆ ಅದರ ಬುಡದಲ್ಲಿದ್ದ ತಪ್ಪನ್ನು ಕೊಟ್ಟಂತಾಗಿತ್ತು.

"ಆಮೇಲೂ ಎರಡು ಸಲ ಬಂದ್ರಿ," ಬೈರಪ್ಪ ಹೇಳಿದ. "ಹೇಳಣಾಂತ ಬಾಯಿವರ್ಗೂ ಬಂತು. ಹೇಳಿದ್ರೆ, ದೇವರ ವಿಭೂತಿಯಿಂದ ಗಾಡಿ ಕೆಡುತ್ತೇನೋ ಅಂತ ಬೈತಿದ್ರಿ. ಸಿಟ್ಟೂ ಇತ್ತು ನಂಗೆ, ಸುಳ್ಯಾಕೆ. ಸೋರ್ಲಿ ಬಿಡು ಅಂದ್ಕೊಂಡೆ."

"ಬಳಗಕ್ಕೆ ಬರ್ದಿದೀನಿ, ಇನ್ನೂ ಕಳ್ಸಿಲ್ಲ. ನೋಡು." ವಿಶ್ವಾರಾಧ್ಯ ಫೋನು ಚಾಚಿದ.

"ಕನ್ನಡಕ ಇಲ್ಲ. ನೀವೇ ಓದಿ."

ಓದಿದ. ‘ಸೂಕ್ತ ಪರಿಶೀಲನೆಯ ನಂತರ ಕಂಡುಬಂದಂತೆ, ಬ್ರೀದರ್ ಮುಚ್ಚಿಹೋಗಿದ್ದರಿಂದ ಎಣ್ಣೆ ಸೋರುತ್ತಿದ್ದು, ಸೀಲುಗಳಲ್ಲಿ ದೋಷವಿರಲಿಲ್ಲವೆಂದು ತಿಳಿದುಬಂದಿದೆ. ಈ ಹಿಂದಿನ ಸಂದೇಶದಿಂದ ಯಾರಿಗಾದರೂ ಬೇಸರವಾಗಿದ್ದಲ್ಲಿ ವಿಷಾದಿಸಲಾಗುತ್ತದೆ.’ ಆಟೋದವರು ಟೀ ಕುಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಬೈರಪ್ಪ ನಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಇದ್ರಲ್ಲಿ ನೀವೆಲ್ಲಿದೀರ ಸಾರ್?"

ಯಾರ್ ಸ್ವಾಮಿ ಕೂಡಿಸಿದ್ದು. ವಿಶ್ವಾರಾಧ್ಯ ಬರೆದದ್ದನ್ನೆಲ್ಲ ಅಳಿಸಿದ. ಬರೆಯಲು ಹೋದರೆ ಮತ್ತೆ ‘ತಿಳಿದುಬಂದಿದೆ’ಯೇ ಬರುತ್ತದೆ, ಕೈಗೆ ಅದೇ ರೂಢಿ. ಶೆಡ್ಡಿನ ನೆರಳಿನಿಂದ ಇಳಿದು, ಆಷಾಢದಲ್ಲಿ ಎಲ್ಲಿ ನಿಂತು ಕೂಗಿದ್ದನೋ ಆ ರಸ್ತೆಗೇ ಬಂದು, ಧ್ವನಿ ಕಳಿಸುವ ಗುಂಡಿಯನ್ನು ಒತ್ತಿ ಹಿಡಿದ.

"ನಾನು ವಿಶ್ವಾರಾಧ್ಯ. ದೊಡ್ಡಬೈರಪ್ಪನವರು ಡೂಪ್ಲಿಕೇಟ್ ಸೀಲು ಹಾಕ್ತಾರೆ ಅಂತ ನಾನು ಬರ್ದಿದ್ದು ಸುಳ್ಳು. ಅವರು ಹಾಕಿದ ಮೂರು ಸೀಲೂ ಚೆನ್ನಾಗಿದ್ವು. ಪೂಜೆ ಅಂತ ವಿಭೂತಿ ಮೆತ್ತಿ ಬ್ರೀದರ್ ಮುಚ್ಚಿದೋನು ನಾನು. ಅವರು ಮೊದಲ್ನೇ ದಿನಾನೇ ಅದನ್ನ ನೋಡಿ ಒರ್ಸೋಕೆ ಬಂದ್ರು. ಅವರ ಕೈ ತಾಗ್ಬಾರ್ದು ಅಂತ ನಾನು ಛತ್ರಿ ಅಡ್ಡ ಇಟ್ಟೆ. ಮುಟ್ಬೇಡ ಅಂದೆ. ಆಮೇಲೆ ಅವರನ್ನೇ ಕಳ್ಳ ಅಂದೆ. ಬೇರೆ ಗ್ಯಾರೇಜಲ್ಲೂ ಹಾಕಿಸ್ದೆ, ಅದೂ ಸೋರ್ತು, ನಿಮಗ್ಯಾರಿಗೂ ಹೇಳ್ಲಿಲ್ಲ. ನಾನೇ ಹಾಕಿದ್ದೂ ಸೋರ್ತು. ಈಗ ಶ್ರೀರಾಂಪುರದಲ್ಲಿ ಅವರ ಶೆಡ್ ಮುಂದೆ ನಿಂತು ಹೇಳ್ತಿದೀನಿ." ಇನ್ನೇನಾದರೂ ಸೇರಿಸಬೇಕೆ ಎಂದು ಯೋಚಿಸಿ, ಸೇರಿಸಿದರೆ ಅದು ತನ್ನ ಸಮಾಧಾನಕ್ಕೆ ಆಗುತ್ತದೆ ಎಂದು ಅನ್ನಿಸಿ, ಬೆರಳು ತೆಗೆದ. ಹೋಯಿತು.

ಬೈರಪ್ಪ ಎದ್ದು, ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಜೀಪಿನ ಹತ್ತಿರ ಹೋಗಿ ಬಗ್ಗಿ ನೋಡಿದ.

"ತೆಗ್ದೇ ಇಲ್ವಲ್ಲ ಸಾರ್."

"ನೀನು ತೆಗೀತೀಯ ಅಂತ."

"ನಾನ್ ಮುಟ್ಟಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಸಡಿಲವೂ ಇರಲಿಲ್ಲ. "ನೀವೇ ತೆಗೀರಿ. ಲೈಟ್ ಬೇಕಾದ್ರೆ ಹಿಡಿತೀನಿ."

ವಿಶ್ವಾರಾಧ್ಯ ಸ್ಕ್ರೂಡ್ರೈವರು ತೆಗೆದುಕೊಂಡು ಹಾಗೇ ರಸ್ತೆಯ ಮೇಲೆ ಮಲಗಿದ. ಹಾಸಲು ಏನೂ ಇರಲಿಲ್ಲ, ಅವನು ಕೇಳಲೂ ಇಲ್ಲ. ಬೆನ್ನಿಗೆ ಜಲ್ಲಿ ಒತ್ತುತ್ತಿತ್ತು. ಬೆಂಚಿನ ಮೇಲಿದ್ದ ಇಬ್ಬರೂ ಎದ್ದು ಬಂದು ನಿಂತರು, ಮತ್ತೆ ಇನ್ನೂ ನಾಲ್ಕು ಕಾಲುಗಳು. ಜೇಬಿನಲ್ಲಿ ಫೋನು ಬಿಡದೆ ಟಿಣ್ ಟಿಣ್ ಎನ್ನುತ್ತಿತ್ತು. ಅವನು ತೆಗೆದು ನೋಡಲಿಲ್ಲ. ಬೈರಪ್ಪ ಚಕ್ರದ ಪಕ್ಕ ಮಂಡಿಯೂರಿ, ಬಲ್ಬಿನ ವೈರು ಎಳೆದುಕೊಂಡು, ಬೆಳಕನ್ನು ಕೊಳವೆಯ ಮೇಲಕ್ಕೆ ಹಿಡಿದ. ವಿಶ್ವಾರಾಧ್ಯ ಕೆರೆಯತೊಡಗಿದ. ಬೂದಿ ಅವನ ಕಣ್ಣಿಗೆ ಬಿತ್ತು.

"ಅಲ್ಲಲ್ಲ ಸಾರ್, ಎಡಕ್ಕೆ. ತೂತು ಟೋಪಿ ಕೆಳಗಿರುತ್ತೆ."

ಎಡಕ್ಕೆ ಕೆರೆದ.

"ಇನ್ನೂ ಎಡಕ್ಕೆ. ನಿಧಾನ. ಮುರೀಬೇಡಿ."

"ಸರಿ," ಎಂದ ವಿಶ್ವಾರಾಧ್ಯ, ಇನ್ನೂ ಎಡಕ್ಕೆ ಸರಿಸಿ ಕೆರೆದ.